ತೂಕ ಕೇಳುವವರು ನಿದ್ದೆ ಕೇಳುವುದಿಲ್ಲ

ಅಹಮದಾಬಾದ್‌ನ ಮಾಣೆಕ್ ಚೌಕ್ ಹಗಲು ಚಿನ್ನದ ಪೇಟೆ, ರಾತ್ರಿ ತಿಂಡಿ ಬೀದಿ. ಹನ್ನೊಂದೂವರೆಗೆ ಹೋದರೂ ಅಪ್ಪನ ತೊಡೆಯ ಮೇಲೆ ಕೂತು, ಮೊಬೈಲ್ ನೋಡುತ್ತಾ ಪಾವ್‌ಭಾಜಿ ತಿನ್ನುವ ಪುಟಾಣಿಗಳು ಕಾಣಸಿಗುತ್ತಾರೆ. ಹಾಸನದ ಕಡೆ ಎಂಟೂವರೆಗೆಲ್ಲ ಉಂಡು ಮಲಗಿ ಬೆಳೆದ ನನಗೆ ಮೊದಮೊದಲು ಅದು ಬರೀ ಬೆರಗು. ಈಗ ನನ್ನ ಮಗಳಿಗೂ ನಾಲ್ಕು ವರ್ಷ, ಹಾಗಾಗಿ ಲೆಕ್ಕ ಶುರುವಾಗಿದೆ.

ಮೂರು-ನಾಲ್ಕು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ಹನ್ನೆರಡಕ್ಕೆ ಮಲಗಿ ಏಳಕ್ಕೆ ಬಾಲಮಂದಿರಕ್ಕೆ ಏಳುವ ಮಗು ಮಧ್ಯಾಹ್ನ ಎರಡು ತಾಸು ಮಲಗಿದರೂ ಒಂಬತ್ತೇ.

ನಿದ್ದೆಗೂ ಊಟಕ್ಕೂ ಏನು ಸಂಬಂಧ ಅಂತೀರಾ? ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಒಸರುವುದು ಗಾಢ ನಿದ್ದೆಯಲ್ಲಿ. ಇನ್ನೊಂದು ಕೊಂಡಿ ಕಬ್ಬಿಣದ ಅಂಶ. ಮಿದುಳು ಡೋಪಮಿನ್ ತಯಾರಿಸಲು ಕಬ್ಬಿಣ ಬೇಕು. ಹಸುಗೂಸಾಗಿದ್ದಾಗ ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಾಗಿದ್ದ ಮಕ್ಕಳನ್ನು ಚಿಲಿ ದೇಶದ ಸಂಶೋಧಕರು ನಾಲ್ಕನೇ ವಯಸ್ಸಿನಲ್ಲಿ ಪರೀಕ್ಷಿಸಿದರು. ಚಿಕಿತ್ಸೆ ಸಿಕ್ಕಿದ್ದರೂ ಅವರ ನಿದ್ದೆಯ ವಿನ್ಯಾಸ ಉಳಿದ ಮಕ್ಕಳಂತಿರಲಿಲ್ಲ. ಅದು ಪ್ರಕಟವಾದದ್ದು 2007ರಲ್ಲಿ.

ಇದನ್ನು ಓದಿದ ಮೇಲೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಅಂಕಿಗಳು ಬೇರೆಯಾಗಿಯೇ ಕಂಡವು. ಗುಜರಾತಿನಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 79.7ರಷ್ಟು ಮಂದಿಗೆ ರಕ್ತಹೀನತೆ. ಐದರೊಳಗಿನ ಶೇ 39 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲ. ಅಮೂಲ್‌ನ ನಾಡಿನಲ್ಲಿ! ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ ಎಂಬುದನ್ನು ನಾವು ಮರೆಯುತ್ತೇವೆ. ಹಾಗಂತ ನಾವು ಕನ್ನಡಿಗರು ಬೀಗುವಂತಿಲ್ಲ, ನಮ್ಮದು ಶೇ 65.5 ಮತ್ತು 35.4. ರಾಗಿ ಇದೆಯಲ್ಲ ಎಂಬ ಸಮಾಧಾನವೂ ಬೇಡ, ಅದರ ಹೆಚ್ಚುಗಾರಿಕೆ ಕ್ಯಾಲ್ಸಿಯಂ. ಮೊಟ್ಟೆಯ ವಿಷಯದಲ್ಲಿ ಮಾತ್ರ ಕರ್ನಾಟಕವೇ ಜಾಣ. ಅಲ್ಲಿ ಶಾಲೆಯ ಬಿಸಿಯೂಟದಲ್ಲಿ ಕೊಡುತ್ತಾರೆ, ಇಲ್ಲಿ ಆ ಮಾತನ್ನೇ ಎತ್ತುವಂತಿಲ್ಲ.

ಕೆಲಸದ ಮೇಲೆ ವಡೋದರಾ, ಸೂರತ್‌ಗೆ ಓಡಾಡುತ್ತಿರುತ್ತೇನೆ. ವಡೋದರಾದ ಎಂ.ಎಸ್. ವಿಶ್ವವಿದ್ಯಾಲಯದವರು ಈ ವಿಷಯದಲ್ಲಿ ಹಳಬರು. ಅಲ್ಲಿನ ಶುಭದಾ ಕನಾನಿ ಮತ್ತು ಸಹೋದ್ಯೋಗಿ ನಗರದ ಬಡ ಕುಟುಂಬಗಳ 10ರಿಂದ 18 ವರ್ಷದ ಹುಡುಗಿಯರಿಗೆ ಮೂರು ತಿಂಗಳು ಕಬ್ಬಿಣ-ಫೋಲಿಕ್ ಆಮ್ಲದ ಮಾತ್ರೆ ಕೊಟ್ಟು ನೋಡಿದ್ದರು. ಹಿಮೋಗ್ಲೋಬಿನ್ ಏರಿದ್ದಷ್ಟೇ ಅಲ್ಲ, ತೂಕವೂ ಸರಾಸರಿ 830 ಗ್ರಾಂ ಹೆಚ್ಚಿತು. ಮಾತ್ರೆ ಸಿಗದವರಲ್ಲಿ ತೂಕ ಹೆಚ್ಚೇನೂ ಏರಲಿಲ್ಲ. ಇದು 2000ದಲ್ಲಿ ಬಂದ ಸಂಶೋಧನೆ.

ಸೂರತ್ ಕಥೆಯೇ ಬೇರೆ. ಪವರ್‌ಲೂಮ್‌ಗಳಲ್ಲಿ ಹನ್ನೆರಡು ಗಂಟೆಯ ಪಾಳಿ. ಉಧನಾ ಕಡೆ ಒಂದೇ ಕೋಣೆಯ ಮನೆಗಳಲ್ಲಿ ಅಪ್ಪ ರಾತ್ರಿ ಪಾಳಿಯಾದರೆ ಹಗಲಿಡೀ ಮಕ್ಕಳು ಹೊರಗೆ, ಹಗಲು ಪಾಳಿಯಾದರೆ ಅವನು ಬಂದು ಉಣ್ಣುವ ತನಕ ದೀಪ ಆರುವುದಿಲ್ಲ. ಮಾಣೆಕ್ ಚೌಕಿನ ಮಗುವಿಗೆ ಬೇಗ ಮಲಗು ಎನ್ನಬಹುದು, ಈ ಮಗುವಿಗೆ ಯಾವ ಬಾಯಲ್ಲಿ ಹೇಳುವುದು?

ನಾನು ಸಾಫ್ಟ್‌ವೇರ್‌ನವನು, ಕಣ್ಣು ಹೋಗುವುದು ಫಾರ್ಮಿನ ಕಡೆಗೇ. ಅಂಗನವಾಡಿ ಕಾರ್ಯಕರ್ತೆಯರು 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಎತ್ತರ, ತೂಕ ತುಂಬುತ್ತಿದ್ದಾರೆ. ನಿದ್ದೆಯ ಲೆಕ್ಕ ಯಾರೂ ಬರೆದುಕೊಳ್ಳುವುದಿಲ್ಲ. ಆ ತಾಯಂದಿರ ಮೇಲೆ ಈಗಾಗಲೇ ಹೊರೆ ಸಾಕಷ್ಟಿದೆ, ನಿಜ. ಆದರೂ ತೂಕ ಮಾಡುವ ದಿನ ಎರಡೇ ಪ್ರಶ್ನೆ ಸೇರಿಸಬಹುದು: ನಿನ್ನೆ ರಾತ್ರಿ ಮಗು ಎಷ್ಟಕ್ಕೆ ಮಲಗಿತು, ಬೆಳಿಗ್ಗೆ ಎಷ್ಟಕ್ಕೆ ಎದ್ದಿತು? ಉಧನಾದಲ್ಲಿ ಬರುವ ಉತ್ತರವನ್ನು ಗಾಂಧಿನಗರದಲ್ಲಿ ಕೂತವರು ಒಮ್ಮೆ ಓದಲಿ.