ಅರ್ಧ ಕೊಯ್ದ ಮರದಲ್ಲಿ ಮಿಷನ್ ನಿಲ್ಲಬಾರದು

ಮುಂಗಾರಿಗೆ ಮುಂಚಿನ ಬಿರುಗಾಳಿ ಮಳೆ ಹಿಡಿಯಿತೆಂದರೆ ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲೋ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವ ದಾರಿಯಲ್ಲೋ ಮರ ಅಡ್ಡ ಬೀಳುವುದು ಪ್ರತಿವರ್ಷದ ಮಾತು. ಹಿಂದೆ ಅದನ್ನು ಸರಿಸಲು ಕೊಡಲಿ, ಇಬ್ಬರು ಎಳೆಯುವ ಗರಗಸ ಹಿಡಿದು ಅರ್ಧ ದಿನ ಬೆವರು ಹರಿಸಬೇಕಿತ್ತು. ಈಗ ಬೈಕಿನ ಹಿಂದೆ ಕಟ್ಟಿಕೊಂಡು ಬಂದ ಆರೇಳು ಕೆ.ಜಿ. ತೂಕದ ಚೈನ್ ಸಾ ಆ ಕೆಲಸವನ್ನು ಸ್ವಲ್ಪ ಹೊತ್ತಿನಲ್ಲೇ ಮುಗಿಸುತ್ತದೆ. ಕೊಳ್ಳೇಗಾಲದ ತೆಂಗಿನ ತೋಟ, ಹನೂರಿನ ಖುಷ್ಕಿ ಹೊಲದ ಹುಣಸೆ, ಬೇವು, ಬೆಟ್ಟದ ಕಾಫಿ ತೋಟಗಳ ಸಿಲ್ವರ್ ಓಕ್, ಎಲ್ಲೆಡೆಯೂ ಈಗ ಇದರದೇ ಸದ್ದು.

ಕೊಳ್ಳಲು ಹೋದವರು ಚೈನ್ ಸುತ್ತುವ ಬಾರ್ ಎಷ್ಟು ಇಂಚು, ಎಂಜಿನ್ ಎಷ್ಟು ಸಿಸಿ ಎಂದು ವಿಚಾರಿಸುತ್ತಾರೆ. ದಿನವೂ ಮರ ಕೊಯ್ಯುವವರು ಕೇಳುವುದು ಬೇರೆಯದನ್ನೇ: ಕೊಯ್ತ ಮುಗಿಯುವವರೆಗೆ ಓಡುತ್ತದೆಯೇ? ಮುಕ್ಕಾಲು ಕೊಯ್ದ ಹುಣಸೆಯ ಬುಡದಲ್ಲಿ ಮಿಷನ್ ಕೈಕೊಟ್ಟರೆ ಮರ ಯಾವ ಕಡೆ, ಯಾವ ಗಳಿಗೆಯಲ್ಲಿ ವಾಲುತ್ತದೆಂದು ಹೇಳುವವರಿಲ್ಲ. ಬಾರ್ ಸಿಕ್ಕಿಕೊಂಡಿರುತ್ತದೆ, ಬುಡದಲ್ಲಿ ಮನುಷ್ಯ ನಿಂತಿರುತ್ತಾನೆ. ಹಾಗಾಗಿ ಈ ಮಿಷನ್ನಿನ ಭರವಸೆ ಎನ್ನುವುದು ಜೀವದ ಪ್ರಶ್ನೆ. ಆ ಭರವಸೆಯ ಬಹುಪಾಲು ನಿಂತಿರುವುದು ಪೆಟ್ರೋಲ್ ಟ್ಯಾಂಕಿನಿಂದ ಸಿಲಿಂಡರಿನವರೆಗಿನ ಗೇಣುದ್ದದ ದಾರಿಯ ಮೇಲೆ.

ಟೂ-ಸ್ಟ್ರೋಕ್ ಎಂಜಿನ್ ನಮ್ಮ ಸೀಮೆಗೆ ಹೊಸದೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಹೊರತಂದ ಜಾವಾ, ಯೆಜ್ಡಿ ಬೈಕುಗಳಿಗೆ ಪೆಟ್ರೋಲ್ ಜೊತೆ ಆಯಿಲ್ ಬೆರೆಸಿ ಹಾಕಿದ ಕೈಗಳು ಇಲ್ಲಿನ ಹಳ್ಳಿಹಳ್ಳಿಯಲ್ಲಿವೆ. ಹೊಗೆಯ ನಿಯಮ ಬಿಗಿಯಾದಂತೆ ಆ ಎಂಜಿನ್ ರಸ್ತೆಯಿಂದ ಮರೆಯಾಯಿತು. ಮರ ಕೊಯ್ಯುವವರ ಕೈಯಲ್ಲಿ ಮಾತ್ರ ಉಳಿಯಿತು. ಅದಕ್ಕೆ ಕಾರಣವಿದೆ. ಅದರಲ್ಲಿ ವಾಲ್ವ್ ಇಲ್ಲ, ಆಯಿಲ್ ತುಂಬಿದ ತಳಪಾತ್ರೆ ಇಲ್ಲ. ಒಳಗಿನ ಭಾಗಗಳಿಗೆ ಬೇಕಾದ ಜಿಡ್ಡು ಪೆಟ್ರೋಲಿನೊಂದಿಗೇ ಬರುವುದರಿಂದ ಮಿಷನ್ನನ್ನು ಅಡ್ಡ ಮಲಗಿಸಿ, ತಲೆಕೆಳಗು ಮಾಡಿ ಹಿಡಿದರೂ ಎಂಜಿನ್ ಒಣಗುವುದಿಲ್ಲ. ಪ್ರತಿ ಸುತ್ತಿಗೂ ಒಮ್ಮೆ ಕಿಡಿ ಹೊತ್ತುತ್ತದೆ; ನಿಮಿಷಕ್ಕೆ 13,000 ಸುತ್ತಿನ ವೇಗದಲ್ಲಿ ಅದು ಸೆಕೆಂಡಿಗೆ 200ಕ್ಕೂ ಹೆಚ್ಚು ಬಾರಿ. ಇಷ್ಟು ಕಡಿಮೆ ತೂಕದಲ್ಲಿ ಇಷ್ಟು ಶಕ್ತಿ ಕೊಡುವ ಪೆಟ್ರೋಲ್ ಎಂಜಿನ್ ಅಪರೂಪ.

ಆದರೆ ತಲೆಕೆಳಗಾದಾಗ ಪೆಟ್ರೋಲ್ ಹರಿಯುವುದು ಹೇಗೆ? ಬೈಕಿನ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲಲು ಪುಟ್ಟ ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್ ಇರುತ್ತದೆ. ಬೈಕು ಅಡ್ಡ ಬಿದ್ದರೆ ಪೆಟ್ರೋಲ್ ಚೆಲ್ಲುತ್ತದೆ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1929ರಲ್ಲಿ ಪೆಟ್ರೋಲ್ ಗರಗಸ ತಂದ ಕಾಲದಲ್ಲಿ ಮಿಷನ್ನುಗಳು ಇಬ್ಬರು ಹೊರುವಷ್ಟು ಭಾರವಾಗಿದ್ದವು, ಕಾರ್ಬೊರೇಟರನ್ನು ನೆಟ್ಟಗೇ ಇಟ್ಟುಕೊಳ್ಳಬೇಕಿತ್ತು. ಎರಡನೇ ಮಹಾಯುದ್ಧದ ನಂತರ ಬಂದ ಡಯಾಫ್ರಮ್ ಕಾರ್ಬೊರೇಟರ್ ಈ ತೊಡಕನ್ನು ಬಿಡಿಸಿತು. ಒಬ್ಬನೇ ಹಿಡಿದು ಯಾವ ಕೋನದಲ್ಲಾದರೂ ಕೊಯ್ಯುವ ಇಂದಿನ ಚೈನ್ ಸಾ ರೂಪುಗೊಂಡದ್ದು ಅಲ್ಲಿಂದಲೇ.

ರಿಪೇರಿ ಅಂಗಡಿಯ ಮೇಜಿನ ಮೇಲೆ ಈ ಕಾರ್ಬೊರೇಟರ್ ಬಿಚ್ಚುವುದನ್ನು ಒಮ್ಮೆ ನೋಡಬೇಕು. ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪನೆಯ ಅಲ್ಯೂಮಿನಿಯಂ ತುಂಡು. ಸಾಮಾನ್ಯವಾಗಿ ಒಂದು ಮಗ್ಗುಲಿನ ಮುಚ್ಚಳಕ್ಕೆ ಒಂದೇ ಸ್ಕ್ರೂ, ಇನ್ನೊಂದು ಮಗ್ಗುಲಿಗೆ ನಾಲ್ಕು. ಒಂದು ಸ್ಕ್ರೂವಿನ ಕಡೆ ಇರುವುದು ಪಂಪು. ಪಿಸ್ಟನ್ ಮೇಲೆ ಕೆಳಗೆ ಆಡಿದಂತೆ ಅದರ ಕೆಳಗಿನ ಕೋಣೆಯಲ್ಲಿ ಒತ್ತಡ ಏರಿಳಿಯುತ್ತದೆ. ಆ ಏರಿಳಿತವೇ ಸಣ್ಣ ದಾರಿಯೊಂದರಲ್ಲಿ ಬಂದು ತೆಳುವಾದ ಪೊರೆಯನ್ನು ಬಡಿದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇದಕ್ಕೆ ಮೋಟಾರಿಲ್ಲ, ಬ್ಯಾಟರಿಯಿಲ್ಲ. ನಾಲ್ಕು ಸ್ಕ್ರೂಗಳ ಕಡೆ ಇರುವ ಇನ್ನೊಂದು ಪೊರೆ ಅಳತೆಯದು. ನಡುವೆ ಲೋಹದ ಗುಂಡಿ, ಅದರಡಿ ಪುಟ್ಟ ಸನ್ನೆ, ಸನ್ನೆಯ ತುದಿಯಲ್ಲಿ ಸೂಜಿ. ಎಂಜಿನ್ ಎಳೆದಷ್ಟೂ ಪೊರೆ ಒಳಕ್ಕೆ ಬಾಗಿ ಸೂಜಿಯನ್ನು ಎತ್ತುತ್ತದೆ, ಅಷ್ಟೇ ಪೆಟ್ರೋಲ್ ಒಳಗೆ ಬರುತ್ತದೆ. ಹೊಸ ಪೊರೆ ಬೆರಳಿಗೆ ಮೆತ್ತಗೆ ಬಾಗುತ್ತದೆ. ಹಳೆಯದನ್ನು ಅಲುಗಿಸಿದರೆ ಒಣಗಿದ ಮುತ್ತುಗದ ಎಲೆಯಂತೆ ಕರಕರ ಎನ್ನುತ್ತದೆ. ಅಂಥ ಪೊರೆ ಸೂಜಿಯನ್ನು ಬೇಕಾದಷ್ಟು ಎತ್ತಲಾರದು. "ಸ್ಟಾರ್ಟ್ ಆಯ್ತದ, ಆಕ್ಸಲೇಟರ್ ಕೊಟ್ರ ನಿಂತೋಯ್ತದ" ಎಂದು ಮಿಷನ್ ತಂದಿಡುವವರ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಪೊರೆ, ಗ್ಯಾಸ್ಕೆಟ್, ಸೂಜಿ ಇರುವ ಒಂದು ಕಿಟ್ ಹಾಕಿ, ಒಳಗಿನ ಸಣ್ಣ ಜಾಲರಿ ತೊಳೆದು, ಟ್ಯಾಂಕಿನೊಳಗಿನ ಫಿಲ್ಟರ್ ಬದಲಾಯಿಸಿದರೆ ಮಿಷನ್ ಮತ್ತೆ ಎದ್ದು ನಿಲ್ಲುತ್ತದೆ.

ನಂತರದ ಕೆಲಸ ಕಿವಿಯದು. ಕಾರ್ಬೊರೇಟರಿನ ಎಲ್ ಸ್ಕ್ರೂ ನಿಧಾನದ ಓಟಕ್ಕೆ, ಎಚ್ ಸ್ಕ್ರೂ ಪೂರ್ಣ ವೇಗಕ್ಕೆ. ಬರಿದೇ ಪೂರ್ತಿ ಆಕ್ಸಲೇಟರ್ ಕೊಟ್ಟಾಗ ದನಿ ತುಸು ಒಡೆದಂತೆ ಗುರುಗುಟ್ಟಬೇಕು, ಮರಕ್ಕೆ ಒತ್ತಿದಾಗ ಸ್ವಚ್ಛವಾಗಬೇಕು. ಬರಿದೇ ಓಡುವಾಗಲೇ ಕೀರಲು ದನಿಯಲ್ಲಿ ಕಿರುಚಿದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿದೆ ಎಂದರ್ಥ. ಪೆಟ್ರೋಲ್ ಕಡಿಮೆಯಾದರೆ ಆಯಿಲ್ ಕೂಡ ಕಡಿಮೆ. ಕಾವು ಏರಿ ಪಿಸ್ಟನ್ ಸೀಜ್ ಆಗಲು ಹೆಚ್ಚು ಹೊತ್ತು ಬೇಕಿಲ್ಲ. ಈ ಕಿವಿ ಇರುವ ಮೆಕ್ಯಾನಿಕ್ ಒಂದು ಊರಿನ ಆಸ್ತಿ ಎಂದೇ ನಾನು ನಂಬಿದ್ದೇನೆ.

ಈ ಕಿವಿಗೂ ಇತ್ತೀಚೆಗೆ ಪರೀಕ್ಷೆ ಬಂದಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಮಾವೇಶದಲ್ಲಿ ಪ್ರಧಾನಿ ಚಾಲನೆ ಕೊಟ್ಟ ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್, ಈಗ ದೇಶದ ಬಂಕುಗಳಲ್ಲೆಲ್ಲ ಸಾಮಾನ್ಯ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಸೀಮೆಯವರಿಗೆ ಎಥನಾಲಿನ ಲಾಭ ಬಿಡಿಸಿ ಹೇಳಬೇಕಿಲ್ಲ. ಆದರೆ ಚೈನ್ ಸಾ ತಯಾರಕರಲ್ಲಿ ಹಲವರ ಕೈಪಿಡಿಗಳು ಎಥನಾಲ್ ನೂರಕ್ಕೆ 10 ಮೀರಬಾರದು ಎನ್ನುತ್ತವೆ. ಒಂದು ಪಾಲು ಪೆಟ್ರೋಲ್ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕಾದರೆ, ಎಥನಾಲಿಗೆ 9 ಪಾಲು ಸಾಕು. ಆದ್ದರಿಂದ ಹಳೆಯ ಪೆಟ್ರೋಲಿಗೆ ಕೂರಿಸಿದ ಸ್ಕ್ರೂ ಹಾಗೇ ಇದ್ದರೆ ಇ20ರಲ್ಲಿ ಗಾಳಿಯೇ ಹೆಚ್ಚಾಗಿ ಎಂಜಿನ್ ಕಾಯುತ್ತದೆ. ಇನ್ನೊಂದು ತೊಂದರೆ ನೀರಿನದು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಫಿಲ್ಟರ್ ಬಿದ್ದಿರುವುದೂ ಅದೇ ತಳದಲ್ಲಿ. ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಳೆದ ಮಳೆಗಾಲದಲ್ಲಿ ಬೆರೆಸಿ ನೀರಿನ ಬಾಟಲಿಯಲ್ಲಿ ಎತ್ತಿಟ್ಟ ಪೆಟ್ರೋಲನ್ನು ಈ ಬೇಸಿಗೆಯಲ್ಲಿ ಸುರಿಯುವವರು ಎಂಜಿನ್ನಿಗೆ ವಿಷ ಹಾಕುತ್ತಿದ್ದಾರೆ.

ಕೊಳ್ಳೇಗಾಲ, ಹನೂರು, ಯಳಂದೂರು, ನಮ್ಮ ಈ ಮೂರು ತಾಲ್ಲೂಕುಗಳಿಗೆ ಬರಿಯ ಬಯಲಿನ ಊರುಗಳಲ್ಲಿ ಕಾಣದ ತೊಡಕೊಂದು ಇದೆ: ಎತ್ತರ. ಕೊಳ್ಳೇಗಾಲದ ಬಯಲು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ ಬಿಳಿಗಿರಿರಂಗನ ಬೆಟ್ಟಸಾಲಿನ ನೆತ್ತಿ 1,800 ಮೀಟರ್ ಮುಟ್ಟುತ್ತದೆ. ಸಾವಿರ ಮೀಟರ್ ಹತ್ತಿದರೆ ಗಾಳಿ ಸುಮಾರು ಹತ್ತನೇ ಒಂದರಷ್ಟು ತೆಳುವಾಗುತ್ತದೆ. ಬಯಲಲ್ಲಿ ಚೆಂದ ಓಡಿದ ಮಿಷನ್ ಬೆಟ್ಟದ ತೋಟದಲ್ಲಿ ಹೊಗೆ ಕಕ್ಕಿ ಮಂಕಾಗುತ್ತದೆ. ಅಲ್ಲಿ ಸ್ಕ್ರೂ ಬಿಗಿದು ಸರಿಮಾಡಿಕೊಂಡು ಮತ್ತೆ ಕೆಳಗಿಳಿದಾಗ ಸಡಿಲಿಸಲು ಮರೆತರೆ ಪಿಸ್ಟನ್ ಹೋಗುತ್ತದೆ.

ಹೊಸ ತಂತ್ರಜ್ಞಾನ ಬಂದಿರುವುದು ಇಂಥ ಕಷ್ಟಕ್ಕೇ. ಹಸ್ಕ್ವಾರ್ನಾ ಕಂಪನಿಯ ಆಟೋಟ್ಯೂನ್, ಸ್ಟಿಲ್‌ನ ಎಂ-ಟ್ರಾನಿಕ್ ವ್ಯವಸ್ಥೆಗಳಲ್ಲಿ ತಿರುಗಿಸುವ ಎಲ್, ಎಚ್ ಸ್ಕ್ರೂಗಳೇ ಇಲ್ಲ. ಪುಟ್ಟ ಕಂಪ್ಯೂಟರ್ ಎಂಜಿನ್ನಿನ ವೇಗವನ್ನು ಗಮನಿಸುತ್ತ ವಿದ್ಯುತ್ ವಾಲ್ವ್ ಮೂಲಕ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಎತ್ತರ, ಬಿಸಿಲು, ಇಂಧನದ ಗುಣ ಬದಲಾದರೆ ತಾನೇ ಹೊಂದಿಕೊಳ್ಳುತ್ತದೆ. 2019ರಲ್ಲಿ ಮಾರುಕಟ್ಟೆಗೆ ಬಂದ ಸ್ಟಿಲ್ ಎಂಎಸ್ 500ಐ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾರ್ಬೊರೇಟರನ್ನೇ ಕೈಬಿಟ್ಟು ಇಂಜೆಕ್ಷನ್ ತಂದಿತು. 79.2 ಸಿಸಿಯ ಎಂಜಿನ್, ಬಾರ್ ಮತ್ತು ಚೈನ್ ಬಿಟ್ಟರೆ ತೂಕ 6.2 ಕೆ.ಜಿ. ಇದಲ್ಲದೆ, ಹಳೆಯ ಟೂ-ಸ್ಟ್ರೋಕ್‌ನಲ್ಲಿ ಒಳಬಂದ ಮಿಶ್ರಣದ ಕಾಲುಭಾಗದಷ್ಟು ಸುಡದೆಯೇ ಸೈಲೆನ್ಸರ್ ದಾಟಿ ಹೋಗುತ್ತಿತ್ತು. ಇಂದಿನ ಒಳ್ಳೆಯ ಮಿಷನ್ನುಗಳು ನಡುವೆ ಬರಿಯ ಗಾಳಿಯ ಪದರ ಬಿಟ್ಟು ಆ ಸೋರಿಕೆಯನ್ನು ಬಹಳಷ್ಟು ತಡೆದಿವೆ.

ಹಾಗಾದರೆ ಯಾವುದು ಒಳ್ಳೆಯದು? ಬಯಲು, ಬೆಟ್ಟ ಎರಡರಲ್ಲೂ ಮಿಷನ್ ಓಡಿಸುವ ಕಾಫಿ ತೋಟಗಳಿಗೆ, ರಸ್ತೆ ತೆರವುಗೊಳಿಸುವ ಅರಣ್ಯ ಇಲಾಖೆಗೆ ತಾನೇ ಹೊಂದಿಕೊಳ್ಳುವ ಮಿಷನ್ ಯೋಗ್ಯ. ದಿನಗೂಲಿಗೆ ಮರ ಕೊಯ್ಯುವವನಿಗೆ ಹಾಗಲ್ಲ. ಎಲೆಕ್ಟ್ರಾನಿಕ್ ಭಾಗ ಕೆಟ್ಟರೆ ಕಂಪನಿಯ ಸರ್ವಿಸ್‌ಗೇ ಹೋಗಬೇಕು, ಅಷ್ಟು ದಿನದ ಕೂಲಿ ಹೋಯಿತು. ಅವನಿಗೆ ಕಿಟ್ ಊರಲ್ಲೇ ಸಿಗುವ, ಸ್ಕ್ರೂ ತಿರುಗಿಸಬಲ್ಲ ಸಾದಾ ಕಾರ್ಬೊರೇಟರ್ ಮಿಷನ್ನೇ ಇವತ್ತಿಗೂ ಹೆಚ್ಚು ನಂಬಿಕೆಯದು. ಕಡಿಮೆ ಬೆಲೆಗೆ ಸಿಗುವ 58 ಸಿಸಿಯ ಮಿಷನ್ ಕೊಂಡವರು ಅದರ ರಬ್ಬರ್ ಪೈಪು, ಪೊರೆಗಳನ್ನು ಮೊದಲ ವರ್ಷದಲ್ಲೇ ಒಮ್ಮೆ ಬಿಚ್ಚಿ ನೋಡಿಸುವುದು ಒಳ್ಳೆಯದು.

ಜಿಲ್ಲೆಯ ಐಟಿಐಗಳು ಮನಸ್ಸು ಮಾಡಿದರೆ ಈ ಸಣ್ಣ ಎಂಜಿನ್ನುಗಳ ಕೆಲಸವನ್ನು ಕೆಲವೇ ವಾರಗಳಲ್ಲಿ ಕಲಿಸಬಹುದು. ಕಳೆ ಕತ್ತರಿಸುವ, ಔಷಧಿ ಸಿಂಪಡಿಸುವ ಎಷ್ಟೋ ಮಿಷನ್ನುಗಳಲ್ಲಿ ಇರುವುದೂ ಇದೇ ಬಗೆಯ ಕಾರ್ಬೊರೇಟರ್. ಕಲಿತವರಿಗೆ ಕೆಲಸಕ್ಕೆ ಬರವಿಲ್ಲ. ಮಿಷನ್ ಇಟ್ಟುಕೊಂಡವರಿಗೆ ಹೇಳುವುದಿಷ್ಟು. ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್ ಆದರೆ ಲೀಟರಿಗೆ 20 ಮಿ.ಲೀ., ಮಾಮೂಲಿಯದಾದರೆ 40. ಅಳೆದೇ ಹಾಕಿ, ಕಣ್ಣಳತೆ ಬೇಡ. ಬೇಕಾದಷ್ಟೇ ಬೆರೆಸಿ. ಕೆಲಸ ಮುಗಿದು ಮಿಷನ್ ಮೂಲೆ ಸೇರುವುದಾದರೆ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿಡಿ. ಮರ ಕೊಯ್ಯಿಸುವವರೂ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕಾದ ಮರವೇ ಎಂದು ಮೊದಲು ತಿಳಿದುಕೊಳ್ಳಿ. ಆಮೇಲೆ ಕೂಲಿಯ ಮಾತಿಗೆ ಮುಂಚೆ ಟ್ಯಾಂಕಿನ ಪೆಟ್ರೋಲ್ ಯಾವತ್ತು ಬೆರೆಸಿದ್ದು ಎಂದು ಕೇಳಿ. ಹಳೆಯದಾಗಿದ್ದರೆ ನಿಮ್ಮ ಖರ್ಚಿನಲ್ಲೇ ಒಂದು ಲೀಟರ್ ಹೊಸ ಪೆಟ್ರೋಲ್ ತರಿಸಿಕೊಡಿ.