ಚಂದ್ರನ ಗುರುತು ಹಿಡಿದು ದಿಕ್ಕು ಕಂಡ ನೌಕೆ

ಬಸ್ಸಿನಲ್ಲಿ ನಿದ್ದೆ ಹತ್ತಿ ಎಚ್ಚರವಾದಾಗ ನಾವೆಲ್ಲ ಮೊದಲು ಮಾಡುವುದು ಕಿಟಕಿಯಾಚೆ ನೋಡುವುದು. ನರೇಗಲ್ ಕಡೆಯ ನಮಗೆ ಗಜೇಂದ್ರಗಡ ಗುಡ್ಡದ ಗಾಳಿಯಂತ್ರಗಳು ಕಂಡರೆ ಸಾಕು, ಬಸ್ಸು ಯಾವ ಕಡೆ ಮುಖ ಮಾಡಿದೆ ಎಂದು ಗೊತ್ತಾಗುತ್ತದೆ. ಕಂಡ ಚಿತ್ರವನ್ನು ನೆನಪಿನ ಚಿತ್ರದೊಂದಿಗೆ ಹೋಲಿಸುತ್ತೇವೆ, ಅಷ್ಟೇ. 2009ರಲ್ಲಿ ಚಂದ್ರಯಾನ-1ರ ಕೈಹಿಡಿದದ್ದೂ ಇದೇ ಉಪಾಯ!

ಬಾಹ್ಯಾಕಾಶದಲ್ಲಿ ಮೇಲೆ, ಕೆಳಗೆ ಎಂಬುದಿಲ್ಲ. ಆದರೂ ನೌಕೆಯ ಸೌರಫಲಕ ಸೂರ್ಯನತ್ತ, ಆಂಟೆನಾ ಭೂಮಿಯತ್ತ, ಕ್ಯಾಮೆರಾ ಚಂದ್ರನತ್ತ ಇರಲೇಬೇಕು. ಅದಕ್ಕಾಗಿ ಸ್ಟಾರ್ ಸೆನ್ಸರ್ ಎಂಬ ಉಪಕರಣ ಆಕಾಶದ ಫೋಟೊ ತೆಗೆದು, ತನ್ನಲ್ಲಿರುವ ನಕ್ಷತ್ರಗಳ ಪಟ್ಟಿಯೊಂದಿಗೆ ತಾಳೆ ನೋಡಿ ನೌಕೆಯ ದಿಕ್ಕನ್ನು ಲೆಕ್ಕ ಹಾಕುತ್ತದೆ. ಇಂಥ ಸೆನ್ಸರ್‌ಗಳು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೊದ ‘ಲಿಯೋಸ್’ ಪ್ರಯೋಗಾಲಯದಲ್ಲಿ ತಯಾರಾಗುತ್ತವೆ.

2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರ ಸ್ಟಾರ್ ಸೆನ್ಸರ್‌ಗಳು 2009ರ ಏಪ್ರಿಲ್ ವೇಳೆಗೆ ಕೈಕೊಟ್ಟವು. ಉಳಿದದ್ದು ಗೈರೊಸ್ಕೋಪ್. ಅದು ಕಣ್ಣು ಮುಚ್ಚಿ ನಡೆಯುವವನಂತೆ. ಎಷ್ಟು ತಿರುಗಿದೆ ಎಂದು ಹೇಳುತ್ತದೆ. ಆದರೆ ಸಣ್ಣ ಸಣ್ಣ ತಪ್ಪು ಕೂಡುತ್ತ ಹೋಗಿ ಕೊನೆಗೆ ದಾರಿಯೇ ತಪ್ಪುತ್ತದೆ. ಆಗಾಗ ಕಣ್ಣು ತೆರೆಸಲೇಬೇಕು.

ಸುಮಾರು 3.84 ಲಕ್ಷ ಕಿ.ಮೀ. ದೂರದ ನೌಕೆಗೆ ರಿಪೇರಿಯವರನ್ನು ಕಳಿಸಲಾಗದು. ವಿಜ್ಞಾನಿಗಳು ಗೈರೊಸ್ಕೋಪ್ ಲೆಕ್ಕದ ಜೊತೆ ಆಂಟೆನಾ ಮುಖ ಮಾಡಿದ ದಿಕ್ಕನ್ನೂ ಚಂದ್ರನ ಮೇಲಿನ ನಿರ್ದಿಷ್ಟ ಜಾಗಗಳ ಚಿತ್ರಗಳನ್ನೂ ಸೇರಿಸಿದರು. ತರ್ಕ ಸರಳ. ಈ ಕ್ಷಣದಲ್ಲಿ ಇಂಥ ಕುಳಿ ಚಿತ್ರದ ನಡುವೆ ಕಾಣಬೇಕಿತ್ತು. ಪಕ್ಕಕ್ಕೆ ಕಂಡರೆ ನೌಕೆ ಅಷ್ಟು ವಾಲಿದೆ ಎಂದರ್ಥ. ಮೇ ತಿಂಗಳಲ್ಲಿ ಕಕ್ಷೆಯನ್ನು 100ರಿಂದ 200 ಕಿ.ಮೀ. ಎತ್ತರಕ್ಕೆ ಏರಿಸಲಾಗಿತ್ತು. ಆ ಎತ್ತರದಲ್ಲಿ ನೌಕೆ ಒಂದು ಡಿಗ್ರಿ ವಾಲಿದರೂ ಕ್ಯಾಮೆರಾ ನೋಡುವ ಜಾಗ ಸುಮಾರು ಮೂರೂವರೆ ಕಿ.ಮೀ. ಸರಿಯುತ್ತದೆ. ಹನ್ನೊಂದನೇ ತರಗತಿಯ ತ್ರಿಕೋನಮಿತಿಯಲ್ಲೇ ಇದನ್ನು ಲೆಕ್ಕ ಹಾಕಬಹುದು.

ಎರಡು ವರ್ಷದ ಯೋಜನೆ 312 ದಿನಕ್ಕೆ, 2009ರ ಆಗಸ್ಟ್ 29ರಂದು ಮುಗಿಯಿತು ನಿಜ. ಆದರೆ ಸೆನ್ಸರ್ ಕೆಟ್ಟ ಮೇಲೂ ಸುಮಾರು ನಾಲ್ಕು ತಿಂಗಳು ನೌಕೆ ದುಡಿಯಿತು. ಚಂದ್ರನ ಮೇಲೆ ನೀರಿನ ಅಂಶ ಗುರುತಿಸಿದ ನಾಸಾದ ಎಂ-3 ಉಪಕರಣ ಆಗಸ್ಟ್‌ವರೆಗೂ ಚಿತ್ರ ತೆಗೆಯುತ್ತಲೇ ಇತ್ತು.

ಬಿ.ಇ. ಓದುತ್ತಿರುವ ನನಗೆ ರೊಟೇಶನ್ ಮ್ಯಾಟ್ರಿಕ್ಸ್ ಎಂದರೆ ಪರೀಕ್ಷೆಯ ಹತ್ತು ಅಂಕ ಎಂದಷ್ಟೇ ಅನಿಸುತ್ತಿತ್ತು. ಈ ಕಥೆ ಓದಿದ ಮೇಲೆ ನಮ್ಮೂರ ಬಸ್ ನಿಲ್ದಾಣದ ಎರಡು ಫೋಟೊ ತೆಗೆದೆ, ಒಂದನ್ನು ನೆಟ್ಟಗೆ, ಇನ್ನೊಂದನ್ನು ಮೊಬೈಲ್ ವಾಲಿಸಿ. ಉಚಿತವಾಗಿ ಸಿಗುವ ‘ಓಪನ್‌ಸಿವಿ’ ಬಳಸಿ ಎರಡರಲ್ಲೂ ಇರುವ ಒಂದೇ ಬಿಂದುಗಳನ್ನು ಜೋಡಿಸಿದಾಗ, ಮೊಬೈಲ್ ಎಷ್ಟು ಡಿಗ್ರಿ ವಾಲಿತ್ತು ಎಂಬುದನ್ನು ಪ್ರೋಗ್ರಾಂ ಹೇಳಿತು. ಹತ್ತು ಅಂಕದ ಅದೇ ಮ್ಯಾಟ್ರಿಕ್ಸ್ ಅಲ್ಲಿತ್ತು!

ನಮ್ಮಂಥ ಊರುಗಳಿಂದ ಬಂದವರಿಗೆ ‘ದೊಡ್ಡ ಲ್ಯಾಬ್ ಇಲ್ಲ, ಇಂಟರ್‌ವ್ಯೂನಲ್ಲಿ ಏನು ಹೇಳೋದು’ ಎಂಬ ಅಳುಕು ಇದ್ದದ್ದೇ. ಒಂದು ಲ್ಯಾಪ್‌ಟಾಪ್, ಒಂದು ಮೊಬೈಲ್, ಎರಡು ಫೋಟೊ ಇದ್ದರೆ ಈ ಪ್ರಯೋಗ ಶುರುಮಾಡಬಹುದು. ಮಾಡಿ ನೋಡಿ, ಹೇಳಲು ನಿಮ್ಮದೇ ಆದ ಒಂದು ಕೆಲಸ ಇರುತ್ತದೆ.