ಉಪಾಧ್ಯಾಯನ ಪ್ರಾಮಾಣ್ಯ: ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಕೆಲವು ನಿದರ್ಶನಗಳು

ಉಪಾಧ್ಯಾಯನಿಗೆ ಪೀಠವನ್ನು ಸರ್ಕಾರವೋ ಸಂಸ್ಥೆಯೋ ಕೊಡಬಹುದು. ವಿಶ್ವಾಸವನ್ನು ಕೊಡತಕ್ಕವನು ವಿದ್ಯಾರ್ಥಿಯೊಬ್ಬನೇ. ಹಾಜರಿಯನ್ನು ನಿಯಮದಿಂದಲೂ ಮೌನವನ್ನು ಭಯದಿಂದಲೂ ಪಡೆಯಬಹುದು. ಆದರೆ ‘ಈತನ ಮಾತನ್ನು ನಂಬಬಹುದು’ ಎಂಬ ನಿಶ್ಚಯವು ಈ ಎರಡರಿಂದಲೂ ಹುಟ್ಟುವುದಿಲ್ಲ. ಅದು ಹುಟ್ಟುವ ಬಗೆ ಯಾವುದು, ಯಾವುದರಿಂದ ಅದು ಕೆಡುತ್ತದೆ ಎಂಬುದನ್ನು ಕಪಿಲಾ ಕಾವೇರಿಗಳ ತೀರದ ಎರಡು ತಾಲ್ಲೂಕುಗಳಿಗೆ ಸಂಬಂಧಪಟ್ಟ ನಿದರ್ಶನಗಳಿಂದ ಇಲ್ಲಿ ವಿಚಾರಿಸಬಹುದು.

ನಂಬತಕ್ಕ ಮಾತುಗಾರನ ಲಕ್ಷಣವನ್ನು ಶಾಸ್ತ್ರಕಾರರು ಬಹುಕಾಲದ ಹಿಂದೆಯೇ ನಿರೂಪಿಸಿದ್ದಾರೆ. ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನ ಮತದಲ್ಲಿ ಆಪ್ತನೆನಿಸಬೇಕಾದರೆ ಮೂರು ಗುಣಗಳಿರಬೇಕು: ವಿಷಯದ ಸಾಕ್ಷಾತ್ ಜ್ಞಾನ, ಕೇಳುವವರ ಮೇಲೆ ದಯೆ, ಕಂಡದ್ದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆತನು ಸ್ಪಷ್ಟಪಡಿಸುತ್ತಾನೆ. ಗ್ರೀಕರ ಅರಿಸ್ಟಾಟಲನು ತನ್ನ ಅಲಂಕಾರಗ್ರಂಥದ ಎರಡನೆಯ ಭಾಗದಲ್ಲಿ ವಿವೇಕ, ಸಚ್ಛೀಲ, ಹಿತಕಾಂಕ್ಷೆ ಎಂಬ ಮೂರನ್ನೇ ಎಣಿಸಿದ್ದಾನೆ. 1999ರಲ್ಲಿ ಅಮೆರಿಕದ ಮೆಕ್‌ಕ್ರೋಸ್ಕಿ ಮತ್ತು ಟೆವೆನ್ ಎಂಬ ವಿದ್ವಾಂಸರು ಪ್ರಶ್ನಾವಳಿಗಳ ಮೂಲಕ ಪರೀಕ್ಷಿಸಿ, ಹಿತಕಾಂಕ್ಷೆಯು ಉಳಿದೆರಡರಲ್ಲಿ ಅಡಗಿಹೋಗದ ಪ್ರತ್ಯೇಕ ಅಂಗವೆಂಬುದನ್ನು ತೋರಿಸಿದರು. ಇಷ್ಟು ದೂರದ ಮೂರು ಮೂಲಗಳು ಒಂದೆಡೆ ಸೇರುವುದು ಆಕಸ್ಮಿಕವಾಗಲಾರದು. ಆದರೆ ಗುಣಗಳ ಪಟ್ಟಿಯಿಂದಲೇ ವಿಶ್ವಾಸ ಹುಟ್ಟುವುದಿಲ್ಲ. ಆ ಗುಣಗಳು ವಿದ್ಯಾರ್ಥಿಯ ಪರೀಕ್ಷೆಗೆ ಸಿಕ್ಕಬೇಕು.

ಮೊದಲು ವಿದ್ವತ್ತು. ನರಸೀಪುರದ ಬಳಿಯ ಸೋಸಲೆಯ ಗರಳಪುರಿ ಶಾಸ್ತ್ರಿಗಳು 19ನೆಯ ಶತಮಾನದಲ್ಲಿ ಮೈಸೂರಿನ ಪ್ರಸಿದ್ಧ ವಿದ್ವಾಂಸರಲ್ಲೊಬ್ಬರು. ಗರಳಪುರಿಯೆಂಬುದು ನಂಜನಗೂಡಿನ ಸಂಸ್ಕೃತ ನಾಮವೇ. ಹೀಗೆ ಒಬ್ಬರಲ್ಲಿಯೇ ಎರಡು ಊರುಗಳೂ ಕೂಡಿವೆ. ಇವರ ಮಕ್ಕಳು ಕವಿ ಅಯ್ಯಾಶಾಸ್ತ್ರಿಗಳು (1854–1934). ಇವರಲ್ಲಿ ಸಂಸ್ಕೃತವನ್ನು ಅಭ್ಯಾಸಮಾಡಿದ ಬಸವಪ್ಪ ಶಾಸ್ತ್ರಿಗಳು (1843–1891) ಶಾಕುಂತಲವನ್ನು ಕನ್ನಡಿಸಿ ‘ಅಭಿನವ ಕಾಳಿದಾಸ’ರೆನಿಸಿದರು. ಆ ಕಾಳಿದಾಸನೇ ಮಾಲವಿಕಾಗ್ನಿಮಿತ್ರದಲ್ಲಿ ಇಬ್ಬರು ನಾಟ್ಯಾಚಾರ್ಯರ ತಾರತಮ್ಯವನ್ನು ಶಿಷ್ಯೆಯರ ಪ್ರಯೋಗದಿಂದ ನಿರ್ಣಯಿಸುವಂತೆ ಕಥೆಯನ್ನು ಹೂಡಿದ್ದಾನೆ. ತನ್ನಲ್ಲಿರುವ ವಿದ್ಯೆ ಬೇರೆ, ಪರರಲ್ಲಿ ಅದನ್ನು ನೆಲೆಗೊಳಿಸುವ ಶಕ್ತಿ ಬೇರೆ. ಎರಡೂ ಇದ್ದವನೇ ಶ್ರೇಷ್ಠನೆಂಬುದು ಅಲ್ಲಿನ ತೀರ್ಮಾನ. ತನ್ನ ನೆರವಿನಿಂದ ಕಠಿನವಾದ ಪದ್ಯವೊಂದನ್ನು ತಾನೇ ಬಿಡಿಸಿದ ಹುಡುಗನಿಗೆ ಗುರುವಿನ ಪಾಂಡಿತ್ಯಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಎರಡನೆಯದು ಕಂಡದ್ದನ್ನು ಕಂಡಂತೆ ಹೇಳುವ ಶೀಲ. ನರಸೀಪುರ ತಾಲ್ಲೂಕಿನ ತರಗತಿಗಳಲ್ಲಿ ಇದಕ್ಕೊಂದು ಸಹಜವಾದ ಪರೀಕ್ಷೆಯುಂಟು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಸಂದರ್ಭದಲ್ಲಿ ಅಲಮೇಲಮ್ಮನು ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರ ದೊರೆಗಳಿಗೆ ಮಕ್ಕಳಾಗದೆ ಹೋಗಲಿ ಎಂದು ಶಪಿಸಿದಳೆಂಬ ಐತಿಹ್ಯವನ್ನು ಅಲ್ಲಿನ ಮಕ್ಕಳು ಮನೆಯಲ್ಲಿಯೇ ಕೇಳಿರುತ್ತಾರೆ. ‘ಇದು ನಿಜವೇ?’ ಎಂದು ಒಬ್ಬನು ಕೇಳಿದರೆ ಅಧ್ಯಾಪಕನು ಮಾಡತಕ್ಕದ್ದೇನು? ನಕ್ಕು ತಳ್ಳಿಬಿಟ್ಟರೆ ಹುಡುಗನ ಅಜ್ಜಿಯನ್ನು ಹೀಯಾಳಿಸಿದಂತೆ. ನಿಜವೆಂದುಬಿಟ್ಟರೆ ತನ್ನ ವಿದ್ಯೆಗೆ ದ್ರೋಹ. ಮೇಲುಗಡೆಯ ಅಣೆಕಟ್ಟಿನಿಂದ ನದಿಯ ಗತಿ ಬದಲಾಗಿ, ಬಯಲಾದ ಮರಳನ್ನು ಗಾಳಿಯು ಊರಿನತ್ತ ಒಯ್ದಿತೆಂಬ ವಿವರಣೆಯನ್ನು ಹೇಳಿ, ಐತಿಹ್ಯವು ಯಾವ ನೋವನ್ನು ಕಾಪಾಡಿಕೊಂಡು ಬಂದಿದೆಯೆಂಬುದನ್ನೂ ತಿಳಿಸಿ, ಎರಡಕ್ಕೂ ಇರುವ ಆಧಾರಗಳನ್ನು ಬೇರ್ಪಡಿಸುವವನನ್ನು ವಿದ್ಯಾರ್ಥಿಯು ನಂಬುತ್ತಾನೆ. ನಂಜನಗೂಡಿನಲ್ಲಿ ಜನಿಸಿ ಮಹಾರಾಜಾ ಕಾಲೇಜಿನಲ್ಲಿ ಇತಿಹಾಸವನ್ನು ಬೋಧಿಸಿದ ಎಸ್. ಶ್ರೀಕಂಠ ಶಾಸ್ತ್ರಿಗಳು (1904–1974) 1940ರಲ್ಲಿ ಕರ್ನಾಟಕ ಇತಿಹಾಸದ ಮೂಲಾಧಾರಗಳನ್ನೇ ಸಂಗ್ರಹಿಸಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಆಧಾರವನ್ನು ಓದುಗನ ಕೈಗಿಡುವವನು ತನ್ನನ್ನೇ ಒರೆಗೆ ಹಚ್ಚಲು ಒಪ್ಪಿದವನು. ಪ್ರಾಮಾಣ್ಯಕ್ಕೆ ಇದಕ್ಕಿಂತ ದೃಢವಾದ ತಳಹದಿಯಿಲ್ಲ.

ಮೂರನೆಯದು ಹಿತಕಾಂಕ್ಷೆ. ನಂಜನಗೂಡು ತಿರುಮಲಾಂಬಾ (1887–1982) ಅವರಿಗೆ ಪದವಿಯಾಗಲಿ ಸರ್ಕಾರದ ಹುದ್ದೆಯಾಗಲಿ ಇರಲಿಲ್ಲ. ಬಾಲ್ಯದಲ್ಲಿಯೇ ವಿವಾಹವಾಗಿ ಹದಿನಾಲ್ಕರ ವಯಸ್ಸಿನಲ್ಲಿ ವೈಧವ್ಯವನ್ನು ಹೊಂದಿದ ಇವರು ‘ಮಾತೃಮಂದಿರ’ವೆಂಬ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿದರು, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಗ್ರಂಥಮಾಲೆಯ ಹೆಸರೇ ಹಿತವನ್ನು ಬಯಸುವವಳೆಂದು ಹೇಳುತ್ತದೆ. ಹೆಣ್ಣುಮಕ್ಕಳನ್ನು ಓದಿಗೆ ಕಳುಹಿಸಲು ಮನೆಗಳು ಹಿಂಜರಿಯುತ್ತಿದ್ದ ಆ ಕಾಲದಲ್ಲಿ, ಕಲಿಸುವವಳು ತಮ್ಮ ಬಾಳನ್ನು ಬಲ್ಲವಳು ಎಂಬ ಅರಿವಿಗಿಂತ ದೊಡ್ಡ ಅರ್ಹತಾಪತ್ರ ಯಾವುದಿದ್ದೀತು? ವಾತ್ಸ್ಯಾಯನನ ಲಕ್ಷಣವು ಪೀಠವನ್ನು ಕೇಳದೆ ಗುಣವನ್ನು ಮಾತ್ರ ಕೇಳುತ್ತದೆಂಬುದಕ್ಕೆ ಈ ಜೀವನವೇ ಭಾಷ್ಯ.

ಸಾಹಿತ್ಯವನ್ನು ಬೋಧಿಸುವವರಿಗೆ ಈ ಹಿತಕಾಂಕ್ಷೆಯ ಪರೀಕ್ಷೆ ನಡೆಯುವುದು ವಿಶೇಷವಾಗಿ ಭಾಷೆಯಲ್ಲಿ. ಹಳ್ಳಿಯಿಂದ ಬಂದು ತನ್ನ ಮನೆತನದಲ್ಲಿಯೇ ಮೊದಲು ಕಾಲೇಜಿನ ಮೆಟ್ಟಲೇರಿದ ಹುಡುಗಿಯೊಬ್ಬಳು ಎದ್ದುನಿಂತು ತನ್ನ ಊರಿನ ನುಡಿಯಲ್ಲಿ ಉತ್ತರ ಕೊಟ್ಟಾಗ, ಅಧ್ಯಾಪಕನು ತಪ್ಪುಚ್ಚಾರಣೆಯೆಂದು ಮುಗುಳ್ನಕ್ಕರೆ ಸಾಕು: ಮುಂದೆ ಆಕೆ ಬರೆದುಕೊಳ್ಳುವಳು, ಪರೀಕ್ಷೆಯಲ್ಲಿ ತೇರ್ಗಡೆಯೂ ಆಗುವಳು, ಪ್ರಶ್ನೆಯನ್ನು ಮಾತ್ರ ಮತ್ತೆ ಕೇಳಳು. ಹೀಗೆ ಹೋದದ್ದು ಯಾವ ಹಾಜರಿ ಪುಸ್ತಕದಲ್ಲಿಯೂ ಕಾಣುವುದಿಲ್ಲ. ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ 1948ರಲ್ಲಿ ಜನಿಸಿದ ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಈ ಸೀಮೆಯ ಆಡುನುಡಿಯಲ್ಲಿಯೇ ರಚಿತವಾಗಿ, 1990ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಆ ಕೃತಿಯನ್ನು ಪಾಠಹೇಳುವ ಕೊಠಡಿಯಲ್ಲಿ ಅದರ ನುಡಿಯನ್ನೇ ಆಡುವ ಹುಡುಗಿಯು ನಾಚುವಂತಾದರೆ ಪಾಠವು ತನ್ನನ್ನು ತಾನೇ ಖಂಡಿಸಿಕೊಂಡಂತೆ. ಶಿಷ್ಟರೂಪವನ್ನು ಕಲಿಸಬಾರದೆಂದು ಇದರ ಅರ್ಥವಲ್ಲ. ವಿದ್ಯಾರ್ಥಿಯ ನುಡಿಯಿಂದ ಅಧ್ಯಾಪಕನೂ ಕಲಿಯುತ್ತಿದ್ದಾನೆಂಬುದು ಕಾಣುತ್ತಿದ್ದರೆ ತಿದ್ದುವಿಕೆಯು ಅವಮಾನವಾಗುವುದಿಲ್ಲ.

ಆದುದರಿಂದ ಮೂರು ಗುಣಗಳೂ ಒಂದೇ ನಡತೆಯಲ್ಲಿ ಸೇರುತ್ತವೆ. ಶಿಷ್ಯನ ಸಾಧನೆ, ಮೂಲದ ಆಧಾರ, ಶಿಷ್ಯನ ಬಾಳು ನುಡಿಗಳು: ಇವುಗಳ ಮುಂದೆ ಪರೀಕ್ಷಕನು ತಾನೂ ಪರೀಕ್ಷೆಗೆ ನಿಲ್ಲುತ್ತಾನೆ. ತಪ್ಪಿದಾಗ ಮರುದಿನ ಬಂದು ‘ನಿನ್ನೆ ಹೇಳಿದ್ದು ಸರಿಯಲ್ಲ’ ಎನ್ನುವ ಉಪಾಧ್ಯಾಯನ ಅಧಿಕಾರವು ಕುಗ್ಗುವುದೆಂಬ ಶಂಕೆ ನಿರಾಧಾರವಾದುದು. ಅಂದಿನಿಂದ ಆತನ ಉಳಿದ ಮಾತುಗಳಿಗೆ ಬೆಲೆ ಬರುತ್ತದೆ.